ಕ್ಯಾಸೆಟ್ಟನ್ನು ಡಿಜಿಟಲ್ ಮಾಡಿದರೆ ಧ್ವನಿಯ ಜೀವ ಹೋಗುತ್ತದಾ?

ನಿಮ್ಮ ಮನೆಯಲ್ಲಿ ಅಪ್ಪನ ಕಾಲದ ಒಂದು ಪೆಟ್ಟಿಗೆ ಕ್ಯಾಸೆಟ್ ಇವೆ, ಕೆಲವು ಎಲ್‌ಪಿಗಳೂ (ಗ್ರಾಮಫೋನ್ ತಟ್ಟೆಗಳು) ಇವೆ. ಕಂಪ್ಯೂಟರಿಗೆ ಹಾಕಿಟ್ಟುಕೊಳ್ಳಬೇಕು ಅಂತ ನಿಮಗೆ ಆಸೆ. ಆದರೆ ‘ಡಿಜಿಟಲ್ ಅಂದರೆ ಧ್ವನಿಯನ್ನು ತುಂಡು ತುಂಡು ಮಾಡೋದು, ಜೀವ ಹೋಗುತ್ತೆ’ ಅಂತ ಯಾರೋ ಹೆದರಿಸಿದ್ದಾರೆ, ಅದು ನಿಜವಾ ಅಂತ ಕೇಳಿದ್ದೀರಿ.

ನಿಜವಲ್ಲ. ಕ್ಯಾಸೆಟ್ಟಿನಲ್ಲಿ ಏನಿದೆಯೋ ಅದೆಲ್ಲ, ಹಿಂದಿನಿಂದ ಬರುವ ಆ ‘ಸ್ಸ್’ ಸದ್ದೂ ಸೇರಿ, ಫೈಲಿನಲ್ಲಿ ಹಾಗೇ ಕೂರುತ್ತದೆ. ಕೆಡುವುದಾದರೆ ಅದಕ್ಕಿಂತ ಮೊದಲೇ, ಟೇಪ್ ಓದುವ ಹೆಡ್‌ನಲ್ಲೇ ಕೆಡುತ್ತದೆ. ಹಳೆಯ ಟೇಪುಗಳನ್ನು ಡಿಜಿಟಲ್ ಫೈಲಿಗೆ ಇಳಿಸಿಕೊಡುವುದು ನನ್ನ ಕೆಲಸ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಇಂಟರ್ನೆಟ್ಟಿನಲ್ಲಿ ಒಂದು ಚಿತ್ರ ಸುತ್ತುತ್ತಿರುತ್ತದೆ. ಎಡಗಡೆ ನುಣ್ಣನೆಯ ಅಲೆ, ಅನಲಾಗ್ (ಟೇಪು, ಎಲ್‌ಪಿಗಳ ಹಳೆಯ ವಿಧಾನ) ಅಂತ. ಬಲಗಡೆ ಅದೇ ಅಲೆ ಮೆಟ್ಟಿಲು ಮೆಟ್ಟಿಲಾಗಿ, ಡಿಜಿಟಲ್ ಅಂತ. ಈ ಗೊಂದಲಕ್ಕೆಲ್ಲ ಮೂಲ ಆ ಚಿತ್ರವೇ. ಸಿಡಿಗೆ ಸೆಕೆಂಡಿಗೆ 44,100 ಸಲ ಧ್ವನಿಯ ಅಳತೆ ತೆಗೆಯುತ್ತಾರೆ. ಎರಡು ಅಳತೆಗಳ ನಡುವೆ ಇದ್ದದ್ದು ಕಳೆದುಹೋಯಿತಲ್ವಾ ಅಂತ ಯಾರಿಗಾದರೂ ಅನಿಸುತ್ತದೆ. ಆದರೆ ಧ್ವನಿಯಲ್ಲಿರುವ ಅತಿ ಹೆಚ್ಚಿನ ಆವರ್ತನದ (ಸೆಕೆಂಡಿಗೆ ಆಗುವ ಕಂಪನಗಳ) ಎರಡರಷ್ಟನ್ನು ಮೀರಿ ಅಳತೆ ತೆಗೆದರೆ, ಆ ಬಿಂದುಗಳಿಗೆಲ್ಲ ಹೊಂದುವ ಅಲೆ ಒಂದೇ ಒಂದು ಇರುತ್ತದೆ. ಅಮೆರಿಕದ ಗಣಿತಜ್ಞ ಕ್ಲಾಡ್ ಶಾನನ್ ಇದನ್ನು ಲೆಕ್ಕ ಹಾಕಿ ತೋರಿಸಿದ ಪ್ರಬಂಧ ಬಂದದ್ದು 1949ರಲ್ಲಿ. ಸಿಡಿ ಅಂಗಡಿಗೆ ಬಂದದ್ದು 1982ರಲ್ಲಿ. ಮನುಷ್ಯರಿಗೆ ಕೇಳುವುದು ಹೆಚ್ಚೆಂದರೆ 20,000 ಹರ್ಟ್ಸ್‌ವರೆಗೆ, ಅದೂ ಎಳೆಯ ಕಿವಿಗೆ. ನಲವತ್ತು ದಾಟಿದ ನಮ್ಮಂಥವರ ಕಥೆ ಬಿಡಿ. 20,000ದ ಎರಡರಷ್ಟು 40,000, ಸಿಡಿಯ 44,100 ಅದನ್ನು ಮೀರಿಯೇ ಇದೆ. ಸ್ಪೀಕರಿಗೆ ಹೋಗುವಷ್ಟರಲ್ಲಿ ಆ ಅಳತೆಗಳೆಲ್ಲ ಸೇರಿ ಮತ್ತೆ ನುಣ್ಣನೆಯ ಅಲೆಯೇ ಆಗಿರುತ್ತದೆ.

ಇನ್ನು ಬಿಟ್ ವಿಷಯ, ಅಂದರೆ ಒಂದೊಂದು ಅಳತೆಯನ್ನೂ ಎಷ್ಟು ನಿಖರವಾಗಿ ಬರೆದಿಡುತ್ತಾರೆ ಅನ್ನುವುದು. ಒಂದು ಬಿಟ್ಟಿಗೆ ಸುಮಾರು 6 ಡೆಸಿಬಲ್ ಲೆಕ್ಕ. ಸಿಡಿಯ 16 ಬಿಟ್‌ನಲ್ಲಿ ಅತಿ ಜೋರು ಸದ್ದಿಗೂ ತಳದ ಗೊರಗೊರಕ್ಕೂ ಸುಮಾರು 96 ಡೆಸಿಬಲ್ ಅಂತರ ಸಿಗುತ್ತದೆ. ಒಳ್ಳೆಯ ಎಲ್‌ಪಿಯಲ್ಲಿ 60ರಿಂದ 70. ಡಾಲ್ಬಿ (ಆ ‘ಸ್ಸ್’ ಸದ್ದು ತಗ್ಗಿಸುವ ವ್ಯವಸ್ಥೆ) ಇಲ್ಲದ ಕ್ಯಾಸೆಟ್ಟಿನಲ್ಲಿ 50ರ ಆಸುಪಾಸು. ಪಾಪ, ಕ್ಯಾಸೆಟ್ಟಾದರೂ ಏನು ಮಾಡೀತು? ಸ್ಟುಡಿಯೋ ಟೇಪು ಸೆಕೆಂಡಿಗೆ 38 ಅಥವಾ 76 ಸೆಂ.ಮೀ. ಓಡುತ್ತದೆ, ಇದು ಬರೀ 4.76. ಅಗಲ 4 ಮಿ.ಮೀ. ಕೂಡ ಇಲ್ಲ. ಅಷ್ಟರಲ್ಲೇ ಎರಡೂ ಬದಿಯ ನಾಲ್ಕು ಟ್ರ್ಯಾಕ್ ಹಿಡಿಸಬೇಕು.

ಹಾಗಾದರೆ ಎಲ್‌ಪಿಯೇ ಚೆಂದ, ಟೇಪೇ ಚೆಂದ ಅನ್ನುವವರೆಲ್ಲ ಸುಮ್ನೆ ಹೇಳುತ್ತಾರಾ? ಇಲ್ಲ. ಟೇಪಿಗೆ ಜೋರಾಗಿ ಸದ್ದು ಕೊಟ್ಟರೆ ಅದು ಥಟ್ಟನೆ ಒಡೆಯುವುದಿಲ್ಲ. ಮೆಲ್ಲಗೆ ಬಾಗುತ್ತದೆ, ತನ್ನದೊಂದಿಷ್ಟು ಹೊಸ ಸ್ವರಾಂಶ ಸೇರಿಸುತ್ತದೆ. ಮೃದಂಗದ ಪೆಟ್ಟಿನ ಮೊನೆ ದುಂಡಗಾಗುತ್ತದೆ, ಕಂಠ ತುಂಬಿಕೊಂಡ ಹಾಗೆ ಕೇಳುತ್ತದೆ. ಇದು ಒಗ್ಗರಣೆ. ನನಗೂ ಇಷ್ಟ. ಆದರೆ ಸಾರಿನ ಜೊತೆ ಒಗ್ಗರಣೆಯೂ ಡಿಜಿಟಲ್ ಫೈಲಿಗೆ ಹೋಗುತ್ತದೆ, ಅದನ್ನೇನೂ ಅದು ಸೋಸಿ ತೆಗೆಯುವುದಿಲ್ಲ.

ಇನ್ನೊಂದು ಕಾರಣ ಮಾಸ್ಟರಿಂಗ್, ಅಂದರೆ ಅಚ್ಚಿಗೆ ಹೋಗುವ ಮೊದಲು ಧ್ವನಿಯನ್ನು ಕೊನೆಯದಾಗಿ ಹದ ಮಾಡುವುದು. 90ರ ದಶಕದಿಂದ ಸಿಡಿಗಳನ್ನು ಒಂದಕ್ಕಿಂತ ಒಂದು ಜೋರು ಮಾಡುವ ಹುಚ್ಚು ಹತ್ತಿತು. ಮೆಟಾಲಿಕಾ ಎಂಬ ರಾಕ್ ತಂಡ 2008ರಲ್ಲಿ ತಂದ ಆಲ್ಬಮ್ಮಿನ ಸಿಡಿಯನ್ನು ಎಷ್ಟು ಹಿಂಡಿದ್ದರೆಂದರೆ (ಮೆಲು ಸದ್ದನ್ನೂ ಜೋರಿನ ಮಟ್ಟಕ್ಕೆ ಏರಿಸಿದ್ದರೆಂದರೆ), ಗಿಟಾರ್ ಹೀರೋ ಎಂಬ ವಿಡಿಯೋ ಗೇಮಿನಲ್ಲಿದ್ದ ಅವೇ ಹಾಡುಗಳು ಚೆನ್ನಾಗಿವೆ ಅಂತ ಅಭಿಮಾನಿಗಳೇ ಗಲಾಟೆ ಮಾಡಿದರು. ಸಿಡಿಯೂ ಡಿಜಿಟಲ್, ಗೇಮೂ ಡಿಜಿಟಲ್! ಹೀಗೆ ಹಿಂಡಿದ ಸಿಡಿಯನ್ನೂ ಬೇರೆ ಮಾಸ್ಟರ್ ಪ್ರತಿಯಿಂದ ಕೊರೆದ ಎಲ್‌ಪಿಯನ್ನೂ ಪಕ್ಕ ಪಕ್ಕ ಕೇಳಿ ‘ಅನಲಾಗ್ ಗೆದ್ದಿತು’ ಅಂದರೆ ಏನು ಹೇಳೋಣ?

ಅಮೆರಿಕದ ಮೊಬೈಲ್ ಫಿಡೆಲಿಟಿ ಕಂಪನಿಯ ಪ್ರಸಂಗ ಇನ್ನೂ ಮಜಾ. ಅವರ ದುಬಾರಿ ಎಲ್‌ಪಿಗಳು ಅಪ್ಪಟ ಅನಲಾಗ್ ಅಂತಲೇ ಎಲ್ಲರೂ ನಂಬಿದ್ದರು. ನಡುವೆ ಒಂದು ಡಿಜಿಟಲ್ ಹಂತ ವರ್ಷಗಳಿಂದ ಇತ್ತು ಅಂತ 2022ರಲ್ಲಿ ಹೊರಬಿತ್ತು. ಅಲ್ಲಿಯವರೆಗೆ ಅವನ್ನು ಹಾಡಿ ಹೊಗಳುತ್ತಿದ್ದ ಘಟಾನುಘಟಿ ಕಿವಿಗಳಿಗೂ ಅದು ಗೊತ್ತಾಗಿರಲಿಲ್ಲ.

ಈಗ ನಿಮ್ಮ ಪೆಟ್ಟಿಗೆಗೆ ಬರೋಣ. ಮೊದಲು ಪ್ರತಿ ಕ್ಯಾಸೆಟ್ಟನ್ನೂ ಬೆಳಕಿಗೆ ಹಿಡಿದು ನೋಡಿ. ಸುರುಳಿಯ ಮೇಲೆ ಬಿಳಿ ಬೂಷ್ಟು ಇದ್ದರೆ ಹಾಕಲೇಬೇಡಿ, ಅದು ಹೆಡ್‌ಗೆ ಅಂಟಿ ಮುಂದಿನ ಕ್ಯಾಸೆಟ್ಟಿಗೂ ಹರಡುತ್ತದೆ. ಮಲೆನಾಡು, ಕರಾವಳಿ ಮನೆಗಳಿಂದ ಬರುವ ಪೆಟ್ಟಿಗೆಗಳಲ್ಲಿ ಇದು ಜಾಸ್ತಿ. ಟೇಪಿನ ಹಿಂದೆ ಒಂದು ಪುಟ್ಟ ಫೆಲ್ಟ್ ತುಂಡು ಇರುತ್ತದೆ. ಗೋಂದು ಒಣಗಿ ಅದು ಉದುರಿದ್ದರೆ ಸದ್ದು ಮಂಕಾಗಿ ಏರಿಳಿಯುತ್ತದೆ. ಆಗ ಟೇಪನ್ನು ಸ್ಕ್ರೂ ಇರುವ ಬೇರೆ ಚಿಪ್ಪಿಗೆ ಬದಲಾಯಿಸಬೇಕು.

ಆಮೇಲೆ ಅಜಿಮತ್, ಅಂದರೆ ಹೆಡ್ ಟೇಪಿಗೆ ಎಷ್ಟು ನೇರವಾಗಿ ನಿಂತಿದೆ ಅನ್ನುವುದು. ಮನೆಯಲ್ಲಿ ರೆಕಾರ್ಡ್ ಮಾಡಿದ ಕ್ಯಾಸೆಟ್ ಅಂದಿನ ಆ ಟೇಪ್‌ರೆಕಾರ್ಡರಿನ ಓರೆಯನ್ನೇ ಹೊತ್ತುಕೊಂಡಿರುತ್ತದೆ. ನಿಮ್ಮ ಡೆಕ್ (ಕ್ಯಾಸೆಟ್ ಓಡಿಸುವ ಯಂತ್ರ) ಕೂದಲೆಳೆಯಷ್ಟು ಬೇರೆ ಓರೆಯಲ್ಲಿದ್ದರೂ ಮೇಲಿನ ಸ್ವರವೆಲ್ಲ ಹೋಯಿತು. ಹೆಡ್‌ನ ಪಕ್ಕ, ಸಾಮಾನ್ಯವಾಗಿ ಸ್ಪ್ರಿಂಗ್ ಇರುವ ಕಡೆ, ಒಂದು ಸಣ್ಣ ಸ್ಕ್ರೂ ಇರುತ್ತದೆ. ಆಂಪ್ಲಿಫೈಯರನ್ನು ಮೋನೋಗೆ (ಎಡ, ಬಲ ಎರಡೂ ಸೇರಿ ಒಂದಾಗುವಂತೆ) ಹಾಕಿ, ಹಾಡು ಓಡುತ್ತಿರುವಾಗಲೇ ಅದನ್ನು ಸ್ವಲ್ಪ ಸ್ವಲ್ಪ ತಿರುಗಿಸಿ. ಹಾಡುವವರ ‘ಸ’, ‘ಷ’ ಮತ್ತು ತಾಳದ ಕಿಣಿಕಿಣಿ ಕೇಳುತ್ತಿರಿ. ಒಂದು ಜಾಗದಲ್ಲಿ ಪರದೆ ಸರಿಸಿದ ಹಾಗೆ ಥಟ್ಟನೆ ತೆರೆದುಕೊಳ್ಳುತ್ತದೆ. ಅಲ್ಲಿ ನಿಲ್ಲಿಸಿ. ಡಿಜಿಟಲ್ ಮಾಡಿದ್ದಕ್ಕೆ ಜೀವ ಹೋಯಿತು ಅಂತ ನನ್ನ ಹತ್ತಿರ ಬಂದ ಫೈಲುಗಳಲ್ಲಿ ಬಹಳಷ್ಟಕ್ಕೆ ಆಗಿದ್ದ ಕಾಯಿಲೆ ಇಷ್ಟೇ.

ಅಗ್ಗದ ಯುಎಸ್‌ಬಿ ಕ್ಯಾಸೆಟ್ ಪ್ಲೇಯರ್ ಬೇಡ. ಅವುಗಳ ಮೋಟರೂ ಅಷ್ಟಕ್ಕಷ್ಟೆ, ಡಾಲ್ಬಿಯೂ ಇರುವುದಿಲ್ಲ. ಸರ್ವಿಸ್ ಮಾಡಿಸಿದ ಹಳೆಯ ಡೆಕ್ ಹುಡುಕಿ. 24 ಬಿಟ್, 48 ಕಿಲೋಹರ್ಟ್ಸ್ ಸಾಕು, ಗಂಟೆಗೆ ಸುಮಾರು 1 ಜಿಬಿ ಆಗುತ್ತದೆ. ಫ್ಲಾಕ್ (ಏನೂ ಕಳೆಯದೆ ಫೈಲನ್ನು ಚಿಕ್ಕದು ಮಾಡುವ ವಿಧಾನ) ಮಾಡಿದರೆ ಇನ್ನೂ ಕಡಿಮೆ. ಎಂಪಿ3 ಬೇಕಿದ್ದರೆ ಆಮೇಲೆ ಅದರಿಂದ ಮಾಡಿಕೊಳ್ಳಿ. ‘ಸ್ಸ್’ ಸದ್ದು ತೆಗೆಯುವ ಸಾಫ್ಟ್‌ವೇರನ್ನು ಮೂಲ ಫೈಲಿನ ಮೇಲೆ ಓಡಿಸಲೇಬೇಡಿ.

ಎಲ್‌ಪಿಗೆ ಫೋನೋ ಪ್ರೀಆಂಪ್ ಇರಲೇಬೇಕು. ತಟ್ಟೆ ಕೊರೆಯುವಾಗಲೇ ಬೇಸ್ ತಗ್ಗಿಸಿ ಟ್ರೆಬಲ್ ಏರಿಸಿರುತ್ತಾರೆ, ಪ್ರೀಆಂಪ್ ಅದನ್ನು ತಿರುಗಿಸಿ ಸರಿ ಮಾಡುತ್ತದೆ. ಅದಿಲ್ಲದೆ ನೇರವಾಗಿ ಕಂಪ್ಯೂಟರಿಗೆ ಕೊಟ್ಟರೆ ಬರುವುದು ತೆಳ್ಳನೆಯ ಕೀರಲು ಸದ್ದು.