ಮಧ್ಯಾಹ್ನ ಮೂರರ ಆಲ್ಟರ್ ಪೀಸುಗಳು: ಒಂದು ಆಪ್ತಸಲಹೆ ಪ್ರಕರಣ

ಬೆಂಗಳೂರು–ಮೈಸೂರು ರಸ್ತೆಯ ಬದಿಯ ಗಾರ್ಮೆಂಟ್ಸ್ ಕಾರ್ಖಾನೆಯೊಂದರಲ್ಲಿ ಲೈನ್ ಸೂಪರ್‌ವೈಸರ್ ಆಗಿರುವ 37 ವರ್ಷದ ಮಹಿಳೆಯೊಬ್ಬರು ನನ್ನ ಬಳಿ ಬಂದದ್ದು ತಮ್ಮ ಸಲುವಾಗಿ ಅಲ್ಲ, ತಮ್ಮ ಲೈನಿನ, ಅಂದರೆ ಒಂದೇ ಬಟ್ಟೆಯನ್ನು ಭಾಗ ಭಾಗವಾಗಿ ಹೊಲಿಯುವ ಮಷಿನ್‌ಗಳ ಸಾಲಿನ, ಸಲುವಾಗಿ. ಪ್ರಕರಣವನ್ನು ಬರೆಯಲು ಅವರ ಒಪ್ಪಿಗೆ ಇದೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಅವರ ಕೈಕೆಳಗೆ 38 ಮಂದಿ ಟೈಲರ್‌ಗಳೂ ಹೆಲ್ಪರ್‌ಗಳೂ ಇದ್ದಾರೆ. ಬೆಳಿಗ್ಗೆ ಗಂಟೆಗೆ 60 ಶರ್ಟ್ ಇಳಿಸುವ ಲೈನು ಮಧ್ಯಾಹ್ನ ಮೂರರ ನಂತರ 40ಕ್ಕೆ ಬೀಳುತ್ತದೆ, ಅದರಲ್ಲೂ ಚೆಕಿಂಗ್‌ನಿಂದ ಆಲ್ಟರ್ ಎಂದು, ಅಂದರೆ ಹೊಲಿಗೆ ಸರಿಪಡಿಸಲೆಂದು, ವಾಪಸಾಗುವ ಪೀಸುಗಳು ಹೆಚ್ಚುತ್ತವೆ ಎಂಬುದು ಅವರ ದೂರು. “ಮೈಗಳ್ಳತನ ಮೇಡಂ. ಬೈದ್ರೆ ಒಂದು ಗಂಟೆ ಮಾಡ್ತಾರೆ, ಆಮೇಲೆ ಅದೇ ರಾಗ” ಎಂದರು.

ಮಾತು ಶುರುವಾಗುವ ಮೊದಲೇ ಅವರು ಮೇಜಿನ ಮೇಲಿದ್ದ ನೀರನ್ನು ಎರಡು ಲೋಟ ಒಂದೇ ಉಸಿರಿಗೆ ಕುಡಿದಿದ್ದರು. ನಾನು ಅದನ್ನು ಕಂಡೂ ಅದರ ಬಗ್ಗೆ ಕೇಳಲಿಲ್ಲ. ಸಿಟ್ಟು ಬಂದಾಗ ಮಾಡಬೇಕಾದ ಉಸಿರಾಟದ ಅಭ್ಯಾಸವನ್ನು ಹೇಳಿಕೊಟ್ಟು ಕಳುಹಿಸಿದೆ. ಮುಂದಿನ ವಾರ ಬಂದವರು, “ಮಷಿನ್ ಮಧ್ಯೆ ಕಣ್ಣು ಮುಚ್ಚಿ ನಿಂತ್ರೆ ಇನ್‌ಚಾರ್ಜ್ ಏನಂತಾರೆ ಮೇಡಂ?” ಎಂದು ನಕ್ಕುಬಿಟ್ಟರು. ನಗಬೇಕಾದದ್ದೇ. ಅವರ ದಿನ ಹೇಗೆ ಸಾಗುತ್ತದೆಂದು ವಿಚಾರಿಸದೆ ಸಲಹೆ ಕೊಟ್ಟದ್ದು ನನ್ನ ತಪ್ಪು.

ಎರಡನೆಯ ಭೇಟಿಯಲ್ಲಿ ಅವರ ಒಂದು ದಿನವನ್ನು ಗಂಟೆ ಗಂಟೆಯಾಗಿ ಬರೆದುಕೊಂಡೆವು. ನಲ್ಲಿ ನೀರು ಬರುವ ಹೊತ್ತಿಗೆ, ಅಂದರೆ ನಾಲ್ಕೂವರೆಗೆ ಏಳುವುದು, ಅಡುಗೆ, ನಾಲ್ಕು ಡಬ್ಬಿ, ಏಳೂವರೆಗೆ ವ್ಯಾನು. ತಿಂಡಿ ಇಲ್ಲ, ಬರೀ ಕಾಫಿ. ಶೌಚಾಲಯಕ್ಕೆ ಹೋಗಿಬರುವ ಸಮಯ ಉಳಿಯಲೆಂದು ನೀರನ್ನೂ ಕುಡಿಯುವುದಿಲ್ಲ. ಲೈನಿನಲ್ಲಿ ಒಂದೇ ಟೋಕನ್ ಇಟ್ಟು, ಒಬ್ಬಳು ಹಿಂದಿರುಗುವವರೆಗೆ ಇನ್ನೊಬ್ಬಳು ಏಳಬಾರದೆಂಬ ನಿಯಮವನ್ನು ಮಾಡಿದ್ದವರೂ ಅವರೇ. ಮಲಗುವಾಗ ಹನ್ನೊಂದು. ಮುಟ್ಟಿನ ಸ್ರಾವ ಎರಡು ವರ್ಷದಿಂದ ಹೆಚ್ಚಾಗಿದೆ ಎಂಬುದನ್ನು ಎದ್ದು ಹೊರಡುವಾಗ, ಬಾಗಿಲ ಬಳಿ ನಿಂತು ಹೇಳಿದರು.

ಖಿನ್ನತೆ ಇರಬಹುದೇ ಎಂದೂ ನೋಡಿದೆ. ಭಾನುವಾರ ಎಂಟು ಗಂಟೆ ಮಲಗಿ ಎದ್ದ ದಿನ ಅಕ್ಕಪಕ್ಕದವರೊಡನೆ ಹರಟುತ್ತಾರೆ, ಮಗಳ ಓದಿನ ಬಗ್ಗೆ ಹೇಳುವಾಗ ಮುಖ ಅರಳುತ್ತದೆ, ಆಸಕ್ತಿ ಬತ್ತಿರಲಿಲ್ಲ. ಕೆಲಸದಿಂದ ಬರುವ ಬಳಲಿಕೆಗೆ, ಅಂದರೆ ಬರ್ನ್‌ಔಟ್‌ಗೆ, ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಮೂರು ಲಕ್ಷಣಗಳನ್ನು ಹೇಳಿತು: ಶಕ್ತಿ ಬರಿದಾಗುವುದು, ಕೆಲಸದ ಬಗ್ಗೆ ಮನಸ್ಸು ದೂರವಾಗುವುದು ಅಥವಾ ಕಹಿಯಾಗುವುದು, ಕೆಲಸದ ದಕ್ಷತೆ ಕುಗ್ಗುವುದು. ಅದನ್ನು ಕಾಯಿಲೆಯೆಂದಲ್ಲ, ಕೆಲಸಕ್ಕೆ ಸಂಬಂಧಪಟ್ಟ ವಿದ್ಯಮಾನವೆಂದೇ ಸಂಸ್ಥೆ ಪರಿಗಣಿಸಿದೆ. ಮೂರೂ ಇವರಲ್ಲಿದ್ದವು. ಆದರೆ ಅದೊಂದೇ ಕಾರಣವೆಂದು ನಿಶ್ಚಯಿಸುವ ಮೊದಲು ರಕ್ತ ಪರೀಕ್ಷೆ ಮಾಡಿಸಲು ತಾಲ್ಲೂಕು ಆಸ್ಪತ್ರೆಗೆ ಕಳುಹಿಸಿದೆ. ಹಿಮೋಗ್ಲೋಬಿನ್ ಡೆಸಿಲೀಟರಿಗೆ 8.9 ಗ್ರಾಂ ಬಂತು, ಗರ್ಭಿಣಿಯಲ್ಲದ ಮಹಿಳೆಯರಲ್ಲಿ ಅದು 12ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ. ಅಷ್ಟು ಕಡಿಮೆ ರಕ್ತದಲ್ಲಿ ದಿನವಿಡೀ ಲೈನಿನ ಉದ್ದಕ್ಕೂ ಓಡಾಡುವವರಿಗೆ ಸಿಡುಕನ್ನು ಬಿಡಿ ಎನ್ನುವುದು, ಎಣ್ಣೆಯಿಲ್ಲದ ದೀಪಕ್ಕೆ ಬತ್ತಿ ಸರಿಮಾಡಿದ ಹಾಗೆ.

ಲೈನಿನ ವಿಷಯಕ್ಕೆ ದಾರಿ ತೋರಿದ್ದು ಅವರ ಜೇಬಿನ ಪುಟ್ಟ ನೋಟ್‌ಬುಕ್. ಗಂಟೆಗೊಮ್ಮೆ ಪ್ರೊಡಕ್ಷನ್ ಬರೆದಿಡುವುದು ಅವರ ಅಭ್ಯಾಸ. ಆ ಅಂಕಿಯ ಪಕ್ಕದಲ್ಲಿ ಆಲ್ಟರ್ ಎಷ್ಟು ಎಂದೂ, ತಾವು ಗದರಿದ ಗಂಟೆಗೆ ಒಂದು ಚುಕ್ಕೆಯನ್ನೂ ಹಾಕಿಕೊಳ್ಳಿ ಎಂದೆ. ಎರಡು ವಾರದ ಹಾಳೆಗಳನ್ನು ಮೇಜಿನ ಮೇಲೆ ಹರಡಿದಾಗ, ನಾನು ಬಾಯಿ ತೆರೆಯುವ ಮೊದಲೇ ಅವರು ಬೆರಳಿಟ್ಟು ತೋರಿಸಿದರು: ಚುಕ್ಕೆ ಇದ್ದ ಗಂಟೆಯಲ್ಲಿ ಪೀಸು ಏರಿತ್ತು, ಅದರ ಮುಂದಿನ ಎರಡು ಗಂಟೆಗಳಲ್ಲಿ ಆಲ್ಟರ್ ಏರಿತ್ತು. ಬೈಗುಳದಿಂದ ಬಂದ ಚುರುಕು ಕೈಸಾಲ. ಮಧ್ಯಾಹ್ನಕ್ಕೆ ಬಡ್ಡಿ ಸಮೇತ ತೀರಿಸಬೇಕಾಗುತ್ತಿತ್ತು. ಇದರ ಜೊತೆಗೆ, ಊಟದ ನಂತರದ ಒಂದೆರಡು ಗಂಟೆ ಎಲ್ಲರ ದೇಹವೂ ಸಹಜವಾಗಿ ಮಂಕಾಗುವ ಹೊತ್ತು. ಲೈನು ಸರಪಳಿ ಇದ್ದಂತೆ, ಕಾಲರ್ ಕೂರಿಸುವವಳ ಕೈ ಸೋತರೆ ಅವಳ ಮುಂದಿನ ಹತ್ತು ಮಂದಿ ಬಂಡಲ್‌ಗಾಗಿ ಕಾಯುತ್ತಾ ಕೂರುತ್ತಾರೆ. ಎಲ್ಲರಿಗಿಂತ ಹೆಚ್ಚು ದಣಿದವಳ ವೇಗವೇ ಇಡೀ ಲೈನಿನ ವೇಗವಾಗುತ್ತದೆ.

ಕೊಟ್ಟ ಸಲಹೆಗಳಲ್ಲಿ ಮೊದಲನೆಯದು ಅವರ ದೇಹಕ್ಕೆ ಸಂಬಂಧಿಸಿದ್ದು. ವೈದ್ಯರು ಬರೆದ ಕಬ್ಬಿಣದ ಮಾತ್ರೆಯನ್ನು ಬಿಡದೆ ನುಂಗುವುದು; ಕಾಫಿ ಕಬ್ಬಿಣಾಂಶ ಹೀರುವುದನ್ನು ತಡೆಯುವುದರಿಂದ ಅದನ್ನು ಊಟ ಮತ್ತು ಮಾತ್ರೆಯಿಂದ ದೂರವಿಡುವುದು; ಸೊಪ್ಪಿನ ಸಾರಿಗೆ ನಿಂಬೆ ಹಿಂಡಿಕೊಳ್ಳುವುದು; ಸ್ರಾವದ ಕಾರಣವನ್ನು ಸ್ತ್ರೀರೋಗ ತಜ್ಞರಿಂದ ತಿಳಿದುಕೊಳ್ಳುವುದು. ನೀರು ಹಿಡಿಯುವ ಕೆಲಸವನ್ನು ಪಿಯುಸಿ ಮುಗಿಸಿ ಮನೆಯಲ್ಲಿರುವ ಮಗನಿಗೆ ವಹಿಸಲು ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದರು. ಇಡೀ ಸಲಹೆಯಲ್ಲಿ ಅವರಿಗೆ ಕಷ್ಟವೆನಿಸಿದ್ದು ಅದೊಂದೇ ಎಂದು ನನಗನ್ನಿಸುತ್ತದೆ. ಲೈನಿನಲ್ಲಿ, ತಮ್ಮದೇ ನಿಯಮವಾದ ಟೋಕನನ್ನು ತೆಗೆದುಹಾಕುವುದು, ಮೂರು ಗಂಟೆಗೆ ಕಾಲರ್ ಮಷಿನ್‌ಗೆ ಕೆಲಸ ಬಲ್ಲ ಇನ್ನೊಬ್ಬಳನ್ನು ಕೂರಿಸುವುದು, ಗದರಬೇಕೆನಿಸಿದಾಗ ದೂರದಿಂದ ಕೂಗದೆ ಆ ಮಷಿನ್‌ವರೆಗೆ ನಡೆದುಹೋಗಿ “ಏನಮ್ಮಾ, ಎಲ್ಲಿ ತೊಡಕು?” ಎಂದು ಕೇಳುವುದು.

ಆರು ವಾರದ ನಂತರ ಮಧ್ಯಾಹ್ನದ ಅಂಕಿ 50ರ ಆಸುಪಾಸಿಗೆ ಬಂದಿತ್ತು, ಆಲ್ಟರ್ ಇಳಿದಿತ್ತು. ಅಷ್ಟರಲ್ಲಿ ಮೇಲಿನವರು ಟಾರ್ಗೆಟ್ಟನ್ನು 65 ಮಾಡಿದರು. ಅದು ಅವರ ಕೈಯಲ್ಲಿಲ್ಲ, ನನ್ನ ಕೈಯಲ್ಲಂತೂ ಇಲ್ಲವೇ ಇಲ್ಲ. ಇನ್‌ಚಾರ್ಜ್ ಬಳಿ ಇದೇ ನೋಟ್‌ಬುಕ್ ಹಿಡಿದು ಮಾತಾಡುವುದು ಹೇಗೆಂದು ಒಂದು ಇಡೀ ಭೇಟಿಯಲ್ಲಿ ಅಭ್ಯಾಸ ಮಾಡಿದೆವು. ಅವರು ಇನ್ನೂ ಮಾತಾಡಿಲ್ಲ. ಆ ಭೇಟಿಗೆ ಇಪ್ಪತ್ತು ನಿಮಿಷ ತಡವಾಗಿ ಬಂದಿದ್ದರು. “ಹೋಟೆಲ್‌ನಲ್ಲಿ ಎರಡು ಇಡ್ಲಿ ತಿಂದ್ಕೊಂಡು ಬಂದೆ ಮೇಡಂ” ಎಂದರು. ಶಿಪ್‌ಮೆಂಟ್ ಮುಗಿದ ಮೇಲೆ ಮತ್ತೆ ಬರುವುದಾಗಿ ಹೇಳಿದ್ದಾರೆ.