ಮಾವೋಗೆ ಶಾಲಾ ಮಕ್ಕಳೇ ಯಾಕೆ ಬೇಕಾದರು?

ಚೀನಾದಲ್ಲಿ ಪಕ್ಷ, ಸರ್ಕಾರ, ಸೈನ್ಯ ಎಲ್ಲ ಮಾವೋ ಕೈಯಲ್ಲೇ ಇದ್ದಾಗ, ಸಾಂಸ್ಕೃತಿಕ ಕ್ರಾಂತಿಗೆ (ಹಳೆಯದನ್ನೂ ಪಕ್ಷದೊಳಗಿನ ವಿರೋಧಿಗಳನ್ನೂ ಕಿತ್ತೊಗೆಯಲು 1966ರಲ್ಲಿ ಮಾವೋ ಶುರು ಮಾಡಿದ ಆಂದೋಲನ) ಮೀಸೆ ಮೂಡದ ಹುಡುಗರನ್ನು ಬೀದಿಗಿಳಿಸುವ ಅಗತ್ಯವೇನಿತ್ತು ಅಂತ ಕೇಳಿದ್ದೀರಿ.

ಎಲ್ಲವೂ ಅವನ ಕೈಯಲ್ಲಿರಲಿಲ್ಲ, ಅದೇ ಕಾರಣ. ಕೃಷಿ, ಕೈಗಾರಿಕೆಗಳನ್ನು ಒಮ್ಮೆಲೇ ಮೇಲೆತ್ತಲು ಹೊರಟ ಮಾವೋನ 'ಮಹಾ ಜಿಗಿತ' ಯೋಜನೆಯಿಂದಾದ ಬರಗಾಲದಲ್ಲಿ ಕೋಟ್ಯಂತರ ಜನ ಸತ್ತ ಮೇಲೆ ದಿನನಿತ್ಯದ ಆಡಳಿತ ಪಕ್ಷದ ನಾಯಕರಾದ ಲಿಯು ಶಾವೋಚಿ ಮತ್ತು ಡೆಂಗ್ ಶಿಯಾವೋಪಿಂಗ್ ಕಡೆಗೆ ಸರಿದಿತ್ತು. 1959ರಿಂದ ರಾಷ್ಟ್ರಾಧ್ಯಕ್ಷನೂ ಲಿಯುನೇ. ಪಕ್ಷದ ಮೇಲೇ ಏರಿಹೋಗಬೇಕಾದವನು ಅದೇ ಪಕ್ಷದ ಅಧಿಕಾರಿಗಳಿಗೆ ಆ ಕೆಲಸ ಒಪ್ಪಿಸುವುದು ಹೇಗೆ? 1966ರ ಜೂನ್‌ನಲ್ಲಿ ಶಾಲೆ ಕಾಲೇಜುಗಳಲ್ಲಿ ಗಲಾಟೆ ಎದ್ದಾಗ ಲಿಯು ಪಕ್ಷದ ಕಾರ್ಯತಂಡಗಳನ್ನು ಕಳಿಸಿ ವಿದ್ಯಾರ್ಥಿಗಳನ್ನು ಹದ್ದುಬಸ್ತಿನಲ್ಲಿಡಲು ನೋಡಿದ. ಜುಲೈನಲ್ಲಿ ಬೀಜಿಂಗ್‌ಗೆ ಮರಳಿದ ಮಾವೋ ಆ ತಂಡಗಳನ್ನೇ ಎತ್ತಿಸಿಬಿಟ್ಟ. ಆಗಸ್ಟ್ 1ರಂದು ಚಿಂಗ್ಹುವಾ ವಿಶ್ವವಿದ್ಯಾಲಯಕ್ಕೆ ಸೇರಿದ ಶಾಲೆಯ ರೆಡ್ ಗಾರ್ಡ್‌ಗಳಿಗೆ, ಅಂದರೆ ಮಾವೋ ಪರ ವಿದ್ಯಾರ್ಥಿ ಪಡೆಗೆ, ಪತ್ರ ಬರೆದು, ನೀವು ದಂಗೆ ಎದ್ದದ್ದು ಸರಿ ಎಂದ. ಆಗಸ್ಟ್ 18ರಂದು ಬೀಜಿಂಗ್‌ನ ತಿಯಾನನ್ಮೆನ್ ಹೆಬ್ಬಾಗಿಲಿನ ಮೇಲೆ ನಿಂತು ಅವರ ಕೆಂಪು ತೋಳುಪಟ್ಟಿಯನ್ನು ತಾನೇ ಕಟ್ಟಿಸಿಕೊಂಡ. ನವೆಂಬರ್‌ವರೆಗೆ ಇಂಥ 8 ಸಭೆಗಳು, ಸೇರಿದವರು 1 ಕೋಟಿಗೂ ಹೆಚ್ಚು. ಊರೂರಿಂದ ಬರುವವರಿಗೆ ರೈಲು ಪುಕ್ಕಟೆ, ಊಟ ವಸತಿಯೂ ಪುಕ್ಕಟೆ. ವಿದ್ಯಾರ್ಥಿಗಳ ತಂಟೆಗೆ ಹೋಗಬೇಡಿ ಎಂದು ಪೊಲೀಸರಿಗೆ ಮೇಲಿನಿಂದಲೇ ಸೂಚನೆ. ಆಗಸ್ಟ್ ಸೆಪ್ಟೆಂಬರ್‌ಗಳಲ್ಲಿ ಬೀಜಿಂಗ್ ಒಂದರಲ್ಲೇ ಸತ್ತವರು 1,772 ಎಂಬುದು ಆಮೇಲೆ ಅಧಿಕೃತವಾಗಿಯೇ ಹೊರಬಂದ ಲೆಕ್ಕ.

ಹಾಗಂತ ಹುಡುಗರು ಬರೀ ಗೊಂಬೆಗಳು, ದಾರ ಎಳೆದವನು ಮಾವೋ ಎನ್ನುವ ವಾದವನ್ನು ನಾನು ಒಪ್ಪುವುದಿಲ್ಲ. ಬೀಜಿಂಗ್‌ನ ಒಂದು ಹೆಸರಾಂತ ಬಾಲಕಿಯರ ಶಾಲೆಯಲ್ಲಿ ಉಪಪ್ರಾಂಶುಪಾಲೆ ಬಿಯಾನ್ ಝೋಂಗ್ಯುನ್‌ರನ್ನು ವಿದ್ಯಾರ್ಥಿನಿಯರೇ ಹೊಡೆದು ಕೊಂದದ್ದು ಆಗಸ್ಟ್ 5ರಂದು, ಅಂದರೆ ಆ ಮೊದಲ ದೊಡ್ಡ ಸಭೆಗೂ ಮುಂಚೆ. ಆಕೆಯ ಹೆಸರು ಹಿಡಿದು ಕೊಲ್ಲಿ ಎಂದು ಮಾವೋ ಹೇಳಿರಲಿಲ್ಲ. ಹೊಡೆದರೆ ಕೇಳುವವರಿಲ್ಲ ಎಂಬುದು ಅಷ್ಟರಲ್ಲಿ ಎಲ್ಲರಿಗೂ ಗೊತ್ತಾಗಿತ್ತು, ಅಷ್ಟೇ.

ಇಲ್ಲಿ ಹುಟ್ಟಿನ ಪ್ರಶ್ನೆ ಬರುತ್ತದೆ, ಭಾರತದಲ್ಲಿ ಇದರ ಬಗ್ಗೆ ಮಾತಾಡುವವರು ಹೆಚ್ಚಾಗಿ ಬಿಟ್ಟುಬಿಡುವುದು ಇದನ್ನೇ. ಮೊದಮೊದಲು ರೆಡ್ ಗಾರ್ಡ್ ಆಗಲು ಕಾರ್ಮಿಕರ, ಬಡ ರೈತರ, ಸೈನಿಕರ, ಪಕ್ಷದ ಅಧಿಕಾರಿಗಳ ಮಗ ಅಥವಾ ಮಗಳಾಗಿರಬೇಕಿತ್ತು. ಜಮೀನ್ದಾರನ ಮೊಮ್ಮಗನಿಗೆ, 'ಬಲಪಂಥೀಯ' ಎಂಬ ಹಣೆಪಟ್ಟಿ ಹೊತ್ತವನ ಮಗಳಿಗೆ ಪ್ರವೇಶವಿಲ್ಲ, ಮೇಲೆ ಒದೆ ಬೇರೆ. ಅಪ್ಪ ವೀರನಾದರೆ ಮಗನೂ ಗಂಡುಗಲಿ, ಅಪ್ಪ ಪ್ರತಿಗಾಮಿಯಾದರೆ ಮಗ ಹಡಬೆ ಎಂಬರ್ಥದ ಸಾಲುಗಳು ಗೋಡೆಗಳ ಮೇಲಿದ್ದವು. ನಮಗಂತೂ ಜಾತಿ ನೆನಪಾಗದೆ ಇರದು! ಯು ಲುವೋಕೆ ಎಂಬ ತರುಣ ಈ ಹುಟ್ಟಿನ ಲೆಕ್ಕವನ್ನೇ ಪ್ರಶ್ನಿಸಿ ಲೇಖನ ಬರೆದ. 1970ರಲ್ಲಿ ಅವನಿಗೆ ಮರಣದಂಡನೆಯಾಯಿತು, ಆಗ ವಯಸ್ಸು 27.

ಹೊರಗಿಟ್ಟವರು ಸುಮ್ಮನೆ ಕೂರಲಿಲ್ಲ, ತಮ್ಮದೇ ಬಂಡಾಯ ಗುಂಪು ಕಟ್ಟಿದರು. 1967ರ ಹೊತ್ತಿಗೆ ಮಾವೋ ಹೆಸರು ಹೇಳಿಕೊಂಡೇ ಎರಡೂ ಕಡೆಯವರು ಗುಂಡು ಹಾರಿಸುತ್ತಿದ್ದರು. ಚೋಂಗ್‌ಚಿಂಗ್ ನಗರದಲ್ಲಿ ಹಾಗೆ ಸತ್ತವರ ಸ್ಮಶಾನ ಇಂದಿಗೂ ಇದೆ.

ಲಿಯು ಅಧಿಕಾರ ಕಳೆದುಕೊಂಡು ಕೆಲಸ ಮುಗಿದ ಮೇಲೆ ಮಾವೋಗೆ ಈ ಪಡೆ ಬೇಡವಾಯಿತು. 1968ರ ಜುಲೈನಲ್ಲಿ ಚಿಂಗ್ಹುವಾಕ್ಕೆ ಕಾರ್ಮಿಕರನ್ನು ನುಗ್ಗಿಸಿದ. ಡಿಸೆಂಬರ್‌ನಲ್ಲಿ ಓದಿದ ಹುಡುಗರು ಹಳ್ಳಿಗೆ ಹೋಗಿ ರೈತರಿಂದ ಪಾಠ ಕಲಿಯಲಿ ಎಂಬ ಕರೆ ಬಂತು. ಹೀಗೆ ಹೋದವರು ಸುಮಾರು 1.7 ಕೋಟಿ. ಈಗಿನ ಅಧ್ಯಕ್ಷ ಶೀ ಜಿನ್‌ಪಿಂಗ್ ಶಾನ್ಶಿ ಪ್ರಾಂತ್ಯದ ಹಳ್ಳಿಯೊಂದರಲ್ಲಿ 7 ವರ್ಷ ಕಳೆದದ್ದು ಇದೇ ಕಾರಣಕ್ಕೆ. ಕಾಲೇಜು ಪ್ರವೇಶ ಪರೀಕ್ಷೆ ಮತ್ತೆ ನಡೆದದ್ದು 1977ರಲ್ಲಿ, ಮಾವೋ ಸತ್ತ ಮರುವರ್ಷ.

ಕೆಲವರು ಸೈನ್ಯ ನುಗ್ಗಿಸಿ ಹತ್ತಿಕ್ಕಿದ 1989ರ ತಿಯಾನನ್ಮೆನ್ ಚೌಕದ ವಿದ್ಯಾರ್ಥಿ ಚಳವಳಿಯನ್ನೂ ಇದೇ ಸಾಲಿಗೆ ಸೇರಿಸುತ್ತಾರೆ. ನಾನು ಸೇರಿಸುವುದಿಲ್ಲ. ಅವರಿಗೆ ಮೇಲಿನಿಂದ ಅಪ್ಪಣೆಯೂ ಇರಲಿಲ್ಲ, ಅವರು ಯಾವ ಮೇಷ್ಟರನ್ನೂ ಹೊಡೆಯಲಿಲ್ಲ. ಆದರೆ ಆಗ ಚೀನಾದ ಆಡಳಿತದ ಚುಕ್ಕಾಣಿ ಹಿಡಿದಿದ್ದ ಡೆಂಗ್ ಆ ವಿದ್ಯಾರ್ಥಿಗಳನ್ನು 1966ರ ಮಕ್ಕಳಂತೆಯೇ ನೋಡಿದ. 1968ರಲ್ಲಿ ಅವನ ಹಿರಿಮಗ ರೆಡ್ ಗಾರ್ಡ್‌ಗಳ ಹಿಂಸೆಯ ನಡುವೆ ಕಟ್ಟಡದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡಿದ್ದ. ಸೈನ್ಯ ನುಗ್ಗಿಸಿದ್ದಕ್ಕೆ ಅದೊಂದೇ ಕಾರಣವಲ್ಲ, ಅದು ಸಮರ್ಥನೆಯಂತೂ ಅಲ್ಲವೇ ಅಲ್ಲ. ಅಧಿಕಾರ ಕೈಬಿಡುವ ಭಯವೇ ದೊಡ್ಡದಿತ್ತು ಎಂಬುದು ನನ್ನ ಅಭಿಪ್ರಾಯ.