ಕ್ರೈಸ್ತ ಮನೆಯ ಮಕ್ಕಳಿಗೆ ‘ಕೋಕೊ’ ಸಿನಿಮಾ ತೋರಿಸಬಹುದಾ?

ಮಗಳಿಗೆ ಆರು ವರ್ಷ, ಸ್ಕೂಲಲ್ಲಿ ಎಲ್ಲರೂ ‘ಕೋಕೊ’ ನೋಡಿದ್ದಾರೆ, ಅಸ್ಥಿಪಂಜರಗಳು ಓಡಾಡುವ ಈ ಕಾರ್ಟೂನ್ ಸಿನಿಮಾ ನಮ್ಮ ವಿಶ್ವಾಸಕ್ಕೆ ಒಗ್ಗುತ್ತಾ ಎಂದು ಕೇಳಿದ್ದೀರಿ. ನಿಮ್ಮ ಪ್ರಶ್ನೆ ಓದಿ ಎದೆ ಧಸಕ್ಕೆಂದಿತು. 2018ರಲ್ಲಿ ನನಗೂ ಇದೇ ಚಿಂತೆ ಬಂದಿತ್ತು. ನಾನು ಮಾತ್ರ ಯಾರನ್ನೂ ಕೇಳಲಿಲ್ಲ.

ನಮ್ಮ ಮನೆ ಮೈಸೂರಿನಲ್ಲಿ, ಸಂತ ಫಿಲೋಮಿನಾ ಚರ್ಚಿನ ಗಂಟೆ ಕೇಳಿಸುವಷ್ಟು ಹತ್ತಿರ. ಆ ಸಲ ದಸರಾ ರಜೆಗೆ ಮಂಡ್ಯದ ನಾದಿನಿ ಮನೆಗೆ ಹೋಗಿದ್ದೆವು. ಮಹಾಲಯ ಅಮಾವಾಸ್ಯೆ ಆಗಷ್ಟೇ ಕಳೆದಿತ್ತು. ಪಕ್ಕದ ಮನೆಯವರು ಹಿರಿಯರಿಗೆ ಎಡೆ ಇಟ್ಟು ನಾದಿನಿಗೂ ಕಜ್ಜಾಯ ಕೊಟ್ಟಿದ್ದರಂತೆ. ಮಕ್ಕಳು ಹಾಲಿನಲ್ಲಿ ಟೀವಿ ಮುಂದೆ, ನಾವು ಅಡುಗೆಮನೆಯಲ್ಲಿ. ಮಗನಿಗೆ ಆಗ ಏಳು ವರ್ಷ. ನೀರು ಕೊಡೋಣ ಎಂದು ಹಾಲಿಗೆ ಬಂದರೆ ಟೀವಿ ತುಂಬ ಅಸ್ಥಿಪಂಜರ. ಸತ್ತವರ ಫೋಟೊ, ಮುಂದೆ ಊಟ, ದೀಪ, ಚೆಂಡುಹೂವಿನ ಸೇತುವೆ ಎಂದೆಲ್ಲ ಮಕ್ಕಳು ಮಾತಾಡಿಕೊಳ್ಳುತ್ತಿದ್ದರು. ಪಕ್ಕದ ಮನೆಯವರ ಎಡೆ ಅವರ ನಂಬಿಕೆ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ನನ್ನ ಮಗನ ತಲೆಯಲ್ಲಿ ಇದು ಬೇಡ ಅನ್ನಿಸಿತು. ರಿಮೋಟ್ ತೆಗೆದುಕೊಂಡು ಆಫ್ ಮಾಡಿದೆ. ‘ಇದು ನಮ್ಮದಲ್ಲ’ ಅಂದೆ. ಅಷ್ಟೇ. ಇನ್ನೊಂದು ಮಾತು ಆಡಲಿಲ್ಲ.

ನನ್ನ ತಪ್ಪು ಯಾವುದು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಆಫ್ ಮಾಡಿದ್ದು ತಪ್ಪಲ್ಲ. ತಾಯಿಗೆ ಆ ಹಕ್ಕಿದೆ. ಎಲ್ಲಿ ಆಫ್ ಮಾಡಿದೆ ಎಂದು ನೋಡದೆ ಇದ್ದದ್ದು ತಪ್ಪು. ಕಥೆಯಲ್ಲಿ ಮಿಗೆಲ್ ಎಂಬ ಹನ್ನೆರಡು ವರ್ಷದ ಹುಡುಗ ಸತ್ತವರ ಲೋಕಕ್ಕೆ ಹೋಗಿಬಿಡುತ್ತಾನೆ. ಅಲ್ಲಿ ಎಕ್ಟರ್ ಎಂಬವನ ಜೊತೆ ಸೇರಿ ಒಬ್ಬ ಮುದುಕನ ಹತ್ತಿರ ಗಿಟಾರ್ ಕೇಳಲು ಹೋಗುತ್ತಾನೆ. ಭೂಮಿ ಮೇಲೆ ಆ ಮುದುಕನನ್ನು ನೆನೆಸಿಕೊಳ್ಳುವವರು ಯಾರೂ ಉಳಿದಿಲ್ಲ. ಒಂದು ಹಾಡು ಕೇಳಿ, ಹಾಗೇ ಬೆಳಕಿನ ಪುಡಿಯಾಗಿ ಮಾಯವಾಗುತ್ತಾನೆ. ಎಲ್ಲಿಗೆ ಹೋದ ಅಂದರೆ ಎಕ್ಟರಿಗೂ ಗೊತ್ತಿಲ್ಲ. ನಾನು ಟೀವಿ ಆರಿಸಿದ್ದು ಇದಾದ ತಕ್ಷಣ. ನನ್ನ ಮಗನ ಪಾಲಿಗೆ ಸಿನಿಮಾ ಅಲ್ಲೇ ಮುಗಿಯಿತು. ಮರೆತುಹೋದವರು ಪುಡಿಯಾಗುತ್ತಾರೆ, ಸಮಾಪ್ತಿ. ಮೇಲೆ ನನ್ನ ಸಿಡುಕು ಬೇರೆ. ಅಮ್ಮ ಕೋಪ ಮಾಡಿಕೊಂಡಿದ್ದಾಳೆ ಅಂದ ಮೇಲೆ ಮಗು ಅದರ ಬಗ್ಗೆ ಮತ್ತೆ ಕೇಳುತ್ತದಾ? ಕೇಳಲಿಲ್ಲ. ಒಳಗೇ ಇಟ್ಟುಕೊಂಡ.

ಮುಂದಿನ ವರ್ಷ ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ನಮ್ಮ ಅತ್ತೆ ತೀರಿಕೊಂಡರು. ಅವನನ್ನು ಎತ್ತಿ ಆಡಿಸಿದ ಅಜ್ಜಿ. ಅದಾದ ಮೇಲೆ ಅಜ್ಜಿಯ ಪಾಸ್‌ಪೋರ್ಟ್ ಸೈಜ್ ಫೋಟೊ ಅವನ ದಿಂಬಿನ ಕೆಳಗೆ ಬಂತು. ಮಲಗುವ ಮುಂಚೆ ಅಜ್ಜಿಯ ಹೆಸರನ್ನು ಹತ್ತಿಪ್ಪತ್ತು ಸಲ ಹೇಳುತ್ತಿದ್ದ. ಎಷ್ಟು ಪ್ರೀತಿ ನೋಡಿ ಎಂದು ಎಲ್ಲರಿಗೂ ಹೇಳಿಕೊಂಡು ಓಡಾಡಿದೆ. ಅದು ಪ್ರೀತಿಯ ಜೊತೆಗೆ ಹೆದರಿಕೆಯೂ ಹೌದು ಎಂದು ನನಗೆ ಹೊಳೆಯಲೇ ಇಲ್ಲ.

ಗೊತ್ತಾದದ್ದು ನವೆಂಬರ್ 2ಕ್ಕೆ, ತೀರಿಕೊಂಡವರನ್ನು ನೆನೆಯುವ ಕಲ್ಲರೆ ಹಬ್ಬದ ದಿನ. ಸಮಾಧಿಗೆ ಸೇವಂತಿಗೆ, ಚೆಂಡುಹೂ ಇಟ್ಟು ಮೇಣದಬತ್ತಿ ಹಚ್ಚಿದೆವು. ಪಕ್ಕದಲ್ಲಿ ಒಂದು ಹಳೇ ಸಮಾಧಿ. ಕಲ್ಲು ಸವೆದು ಹೆಸರು ಅಳಿಸಿದೆ. ಹೂವಿಲ್ಲ, ಬತ್ತಿಯಿಲ್ಲ. ಅವನು ಅದನ್ನೇ ನೋಡುತ್ತ ನಿಂತ. ‘ಅಮ್ಮಾ, ಇವರು ಮಾಯ ಆಗ್ಬಿಟ್ರಾ? ನಾನು ಮರೆತರೆ ಅಜ್ಜಿನೂ ಹೋಗ್ಬಿಡ್ತಾರಾ?’ ಎಂದು ಬಿಕ್ಕಿ ಬಿಕ್ಕಿ ಅತ್ತ. ಎಂಟು ತಿಂಗಳು ಅಜ್ಜಿಯನ್ನು ಉಳಿಸುವ ಭಾರವನ್ನು ಆ ಮಗು ಒಬ್ಬನೇ ಹೊತ್ತಿತ್ತು. ಇವತ್ತಿಗೂ ಅದನ್ನು ನೆನೆದರೆ ನನಗೆ ಕಣ್ಣು ತುಂಬುತ್ತದೆ.

ಅಲ್ಲೇ ನೆಲದ ಮೇಲೆ ಕೂತು ಮಾತಾಡಿದೆವು. ಶಿಲುಬೆಯ ಮೇಲೆ ಯೇಸುಸ್ವಾಮಿಯ ಪಕ್ಕದಲ್ಲಿದ್ದ ಕಳ್ಳ ಏನು ಕೇಳಿದ? ನನ್ನನ್ನು ನೆನೆಸಿಕೊಳ್ಳಿ ಅಂತ. ಮನೆಯವರನ್ನು ಕೇಳಲಿಲ್ಲ, ಸ್ವಾಮಿಯನ್ನು ಕೇಳಿದ. ಹೆತ್ತ ತಾಯಿ ಮರೆತರೂ ನಾನು ಮರೆಯುವುದಿಲ್ಲ ಎಂದು ದೇವರು ಹೇಳುವ ಮಾತು ಬೈಬಲಿನ ಯೆಶಾಯನ ಗ್ರಂಥದ 49ನೇ ಅಧ್ಯಾಯದಲ್ಲಿದೆ. ಈ ಕಲ್ಲಿನ ಹೆಸರು ಅಳಿಸಿದ್ದು ನಮಗೆ, ದೇವರಿಗಲ್ಲ ಅಂದೆ. ನಮ್ಮ ಪೊಟ್ಟಣದಿಂದ ಒಂದು ಬತ್ತಿ ತೆಗೆದು ಆ ಸಮಾಧಿಗೂ ಹಚ್ಚಿದ.

ಅವತ್ತು ರಾತ್ರಿ ಇಡೀ ಸಿನಿಮಾ ಜೊತೆಗೆ ಕೂತು ನೋಡಿದೆವು, ಒಂದೂಮುಕ್ಕಾಲು ಗಂಟೆ. ನಾನು ಹೆದರಿದ್ದ ಅಸ್ಥಿಪಂಜರಗಳಲ್ಲಿ ಏನೂ ಇಲ್ಲ. ಅದು ಮೆಕ್ಸಿಕೊ ದೇಶದ ಸತ್ತವರ ಹಬ್ಬ. ಅಲ್ಲಿ ಹೆಚ್ಚಿನವರು ಕಥೋಲಿಕರೇ. ಊರಿನ ಹಳೆಯ ಪದ್ಧತಿ ನಮ್ಮ ಸಕಲ ಸಂತರ ಹಬ್ಬ, ಕಲ್ಲರೆ ಹಬ್ಬದ ಜೊತೆ ಬೆರೆತು ನವೆಂಬರ್ 1, 2ಕ್ಕೇ ನಡೆಯುತ್ತದೆ. ಮನೆಯವರು ಒಬ್ಬರನ್ನೊಬ್ಬರು ಕ್ಷಮಿಸುವುದನ್ನು ಸಿನಿಮಾ ತುಂಬ ಚೆನ್ನಾಗಿ ತೋರಿಸುತ್ತದೆ. ಮಿಗೆಲ್ ಬದುಕಿರುವವರ ಲೋಕಕ್ಕೆ ಮರಳಲು ಸತ್ತ ಹಿರಿಯರ ಆಶೀರ್ವಾದ ಬೇಕು. ಅವನ ಮುತ್ತಜ್ಜಿಯ ತಾಯಿ ಇಮೆಲ್ಡಾ ಮೊದಲು ಸಂಗೀತ ಬಿಡು, ಆಗ ಆಶೀರ್ವಾದ ಎನ್ನುತ್ತಾಳೆ. ಕೊನೆಗೆ ಯಾವ ಷರತ್ತೂ ಇಲ್ಲದೆ ಆಶೀರ್ವಾದ ಕೊಡುತ್ತಾಳೆ. ಭಾನುವಾರದ ಜ್ಞಾನೋಪದೇಶದಲ್ಲಿ ಕೃಪೆ ಅಂದರೆ ಏನು ಎಂದು ಹೇಳಿಕೊಡಲು ನನಗೆ ಇಷ್ಟು ಸುಲಭದ ಉದಾಹರಣೆ ಸಿಕ್ಕಿರಲಿಲ್ಲ.

ಆದರೆ ಒಂದು ವಿಷಯಕ್ಕೆ ನಾನು ಒಪ್ಪುವುದಿಲ್ಲ. ಆ ಲೋಕದಲ್ಲಿ ಗಡಿ ಇದೆ, ಕೌಂಟರ್ ಇದೆ, ಫೋಟೊ ಚೆಕ್ ಮಾಡುವವರಿದ್ದಾರೆ, ದೇವರೇ ಇಲ್ಲ. ಸತ್ತವರು ಉಳಿಯುವುದು ಬದುಕಿರುವವರ ನೆನಪಿನಲ್ಲಿ ಮಾತ್ರ. ಸಿನಿಮಾದ ಕೊನೆಯವರೆಗೂ ಈ ನಿಯಮ ಬದಲಾಗುವುದಿಲ್ಲ. ಇದನ್ನು ನೀವೇ ಬಾಯಿ ಬಿಟ್ಟು ಹೇಳಬೇಕು. ಆಫ್ ಮಾಡಿದರೆ ಮಗುವಿಗೆ ಅದು ಗೊತ್ತಾಗುವುದಿಲ್ಲ.

ಹಾಗಾಗಿ ಸಿನಿಮಾ ನಮ್ಮದಾ ಅಲ್ವಾ ಅನ್ನೋ ನಿಮ್ಮ ಪ್ರಶ್ನೆಯೇ ನನಗೆ ಸರಿ ಕಾಣುವುದಿಲ್ಲ. ಮಾಯ ಮಂತ್ರ ಇದೆಯಾ, ದೆವ್ವ ಇದೆಯಾ ಎಂದು ಪಟ್ಟಿ ಹಿಡಿದು ಕೂರಬೇಡಿ. ನನ್ನ ಪಟ್ಟಿಯಲ್ಲಿ ‘ಮರೆವು’ ಎಂಬ ಸಾಲೇ ಇರಲಿಲ್ಲ. ಮೊದಲು ನೀವೊಬ್ಬರೇ ಪೂರ್ತಿ ನೋಡಿ. ಆಮೇಲೆ ಮಗಳ ಪಕ್ಕ ಕೂತು ನೋಡಿ. ಮನೆಯಲ್ಲಿ ಇತ್ತೀಚೆಗೆ ಯಾರಾದರೂ ತೀರಿಕೊಂಡಿದ್ದರೆ ಒಂದು ವರ್ಷ ಬಿಟ್ಟು ತೋರಿಸಿ. ಸಿನಿಮಾದ ಮೊದಲಲ್ಲೇ ಪ್ರಸಿದ್ಧ ಹಾಡುಗಾರನ ಮೇಲೆ ದೊಡ್ಡ ಗಂಟೆ ಬೀಳುತ್ತದೆ, ಮುಂದೆ ಗೆಳೆಯನಿಗೆ ವಿಷ ಹಾಕಿದ ಸಂಗತಿ ಬರುತ್ತದೆ. ಆರು ವರ್ಷಕ್ಕೆ ಅಲ್ಲಿ ಕೈ ಹಿಡಿದುಕೊಳ್ಳುವವರು ಬೇಕು. ಗಿಟಾರ್ ಕೇಳಲು ಹೋದ ಮುದುಕನ ದೃಶ್ಯ ಬಂದಾಗ ಮಾತ್ರ ಪಾಜ್ ಒತ್ತಿ, ಮಗಳಿಗೆ ಏನನ್ನಿಸಿತು ಎಂದು ಕೇಳಿ. ಉತ್ತರ ಬರುವವರೆಗೂ ಪ್ಲೇ ಒತ್ತಬೇಡಿ.